ನಾಟಿ ಮಾಡಿದವರು ಯಾರು?

ಗೋಣಿಕೊಪ್ಪದ ಗೆಳೆಯರಿಗೆ,

ಚಿನ್ನದ ಮೇಲೆ ಅಣುಗಳು ಒಂದೇ ಪದರವಾಗಿ ಕೂರುವುದರ ಬಗ್ಗೆ ನೀವು ಬರೆದ ಲೇಖನ 'ಚಿನ್ನದ ಮೇಲೆ ಅಣುಗಳ ಗದ್ದೆ' ಬಂದು ತಲುಪಿತು. ಅಕ್ಷರ ದುಂಡಗಿದೆ, ವಿಷಯ ಹೊಸದು. ಅಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ, ಯಾಕಂದ್ರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಒಂದು ತುದಿಯಲ್ಲಿ ಗಂಧಕ, ಹಿಂದೆ ಇಂಗಾಲದ ಬಾಲ ಇರುವ ಥಯಾಲ್ ಅಣುಗಳ ಬಗ್ಗೆ ನೀವು ಬರೆದಿದ್ದೀರಿ: "ಥಯಾಲ್ ಅಣುಗಳು ನಾಟಿ ಮಾಡಿದ ಪೈರಿನಂತೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ." ನಾಟಿ ಅಂದ ಮೇಲೆ 'ತಾವಾಗಿಯೇ' ಹೇಗೆ? ಮಳೆಯಲ್ಲಿ ಸೊಂಟ ಬಗ್ಗಿಸಿ ಒಂದೊಂದೇ ಸಸಿ ಊರುವವರನ್ನು ನೋಡಿದ್ದೀರಿ ಅಲ್ವಾ? ಇಲ್ಲಿ ಅಂಥ ಕೈ ಇಲ್ಲ. ಗಂಧಕದ ತುದಿ ಚಿನ್ನವನ್ನು ಹಿಡಿಯುತ್ತದೆ, ಇಂಗಾಲದ ಬಾಲಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮೊದಲು ಬಂದವು ನಿಲ್ಲುವುದೂ ಇಲ್ಲ, ಮಲಗುತ್ತವೆ. ಖಾಲಿ ಬಸ್ಸಿನ ಹಿಂದಿನ ಸೀಟಲ್ಲಿ ನಾವು ಕಾಲು ಚಾಚುವುದಿಲ್ವಾ, ಹಾಗೆ. ಜನ ಹತ್ತುತ್ತಾ ಹೋದರೆ ಏಳಲೇಬೇಕು. ಎದ್ದರೂ ನೆಟ್ಟಗಲ್ಲ, ಸುಮಾರು 30 ಡಿಗ್ರಿ ವಾಲಿಕೊಂಡು.

ಅದರ ಕೆಳಗೇ ಇನ್ನೊಂದು: "ಹೀಗೆ ಪದರದ ರಚನೆಯನ್ನು ನಿಯಂತ್ರಿಸಬಹುದಾಗಿದೆ." ಯಾರು? ಯಾವುದರಿಂದ? ಇಂಥ ಪದರಗಳ ಬಗ್ಗೆ 1983ರಲ್ಲಿ ವಿಜ್ಞಾನಿಗಳಾದ ನುಜ್ಜೊ, ಅಲ್ಲಾರ ಮಾಡಿದ ಕೆಲಸಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಈ ಪ್ರಶ್ನೆಗೆ ಒಂದು ಸಾಲೂ ಇಲ್ಲ. ಚಿನ್ನ ತೆಗೆದು ಬೆಳ್ಳಿ ಇಟ್ಟರೆ ಅದೇ ಅಣು ಇನ್ನಷ್ಟು ನೆಟ್ಟಗೆ ನಿಲ್ಲುತ್ತದೆ. ಬಾಲ ಉದ್ದವಾದರೆ ಸಾಲು ಬಿಗಿಯಾಗುತ್ತದೆ. ಎಥನಾಲ್ ದ್ರಾವಣದಲ್ಲಿ ಅದ್ದಿದ ಕೆಲವೇ ನಿಮಿಷಕ್ಕೆ ಜಾಗ ಹೆಚ್ಚುಕಡಿಮೆ ತುಂಬುತ್ತದೆ. ಆದರೆ ಸಾಲು ಸರಿಹೋಗಬೇಕಾದರೆ ರಾತ್ರಿಯಿಡೀ ಬಿಡಬೇಕು. ಆ ರಾತ್ರಿ ಕಾಯುವವನನ್ನು ನೀವು ಲೇಖನದೊಳಗೆ ಬಿಟ್ಟುಕೊಂಡೇ ಇಲ್ಲ.

ಪತ್ರಿಕೆ ಸೇರಿದ ಹೊಸತರಲ್ಲಿ ನಾನೂ "ಕಣದಲ್ಲಿ ಕಾಫಿ ಒಣಗುತ್ತದೆ" ಎಂದು ಬರೆದಿದ್ದೆ. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ ಕೇಳಿದರು: "ತಾನಾಗಿ ಒಣಗುತ್ತಾ ಮಾರಾಯ? ಹಾಗಾದ್ರೆ ನನ್ನ ಹೆಂಡ್ತಿ ದಿನವಿಡೀ ಬಿಸಿಲಲ್ಲಿ ಏನು ಮಾಡ್ತಾಳೆ?" ಭಾನುವಾರ ಆ ಕಣಕ್ಕೇ ಕರೆದುಕೊಂಡು ಹೋದರು. ಕಾಫಿ ಹಣ್ಣನ್ನು ಹರಡಿ, ಕೆದಕಿ, ಸಂಜೆ ಮಂಜು ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಮುಚ್ಚಿದೆ. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಆ ವಾಕ್ಯವನ್ನು ಅವರು ಕೊನೆಗೂ ಜೋಡಿಸಲಿಲ್ಲ, ನಾನೇ ಬದಲಾಯಿಸಿ ಕೊಡಬೇಕಾಯಿತು.

ಬಾಕಿ ಪುಟಗಳನ್ನು ಮುಟ್ಟಬೇಡಿ. ಎರಡನೆಯದನ್ನು ಮಾತ್ರ ಬರೆದು ಕಳಿಸಿ, ಪೈರು ಬಿಟ್ಟು.