ಆಟಗಾರರು ಸಿಕ್ಕಸಿಕ್ಕ ಎನ್‌ಪಿಸಿಗಳ ಮೇಲೆ ಕತ್ತಿ ಎತ್ತಿದರೆ ಡಿಎಂ ಎಂತ ಮಾಡುವುದು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮಾತು, ದಾಳದಲ್ಲಿ ಕತೆ ಕಟ್ಟುವ ಆಟ; ಕತೆ ನಡೆಸುವವ ಡಿಎಂ, ಅವನು ಆಡಿಸುವ ಊರ ಜನ ಎನ್‌ಪಿಸಿಗಳು. ನಿಮ್ಮ ಆಟಗಾರರು ಅಂಗಡಿಯವನನ್ನೂ ಬಿಡದೆ ಕಡಿಯುತ್ತಾರೆ, ತಡೆಯಲು ಬಲವಾದ ಸೈನಿಕರನ್ನು ಕಳಿಸಬೇಕೇ ಅಂತ ಕೇಳಿದ್ದೀರಿ. ಕಳಿಸಬೇಡಿ ಮಾರಾಯ್ರೆ. ನಾನು ಕಳಿಸಿ ಕೆಟ್ಟವ.

ಮಂಗಳೂರಿನ ಕದ್ರಿಯಲ್ಲಿ ಗೆಳೆಯನ ಮನೆಯ ಮಾಳಿಗೆಯಲ್ಲಿ ನಾವು ಐದು ಜನ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, 2014ರ ಐದನೇ ಆವೃತ್ತಿ. ನಮ್ಮ ದಕ್ಕೆಯನ್ನೇ (ಮೀನುಗಾರಿಕೆ ಬಂದರು) ನೋಡಿ ಒಂದು ಬಂದರು ಊರು ಕಟ್ಟಿದ್ದೆ. ಅಲ್ಲೊಬ್ಬ ಅಂಬಿಗ, ರಾತ್ರಿ ಹೊಳೆ ದಾಟಿಸುವುದಿಲ್ಲ ಅಂದ. ಯಾಕೆ ಅಂತ ಕೇಳಿದರೆ "ಆಗುದಿಲ್ಲ ಅಂದ್ರೆ ಆಗುದಿಲ್ಲ" ಅಂತಲೇ ಆಡಿಸಿದೆ. ರೋಗ್ (ಕಳ್ಳನಂಥ ಪಾತ್ರ) ಆಡುವವ "ಹೊಡೆದೆ" ಅಂದ, ದಾಳ ಉರುಳಿಸಿಯೂ ಆಯಿತು. ಸಾಮಾನ್ಯ ಮನುಷ್ಯನಿಗೆ ಇರುವುದೇ 4 ಹಿಟ್ ಪಾಯಿಂಟ್ (ಜೀವದ ಅಂಕ), ಒಂದೇ ಏಟಿಗೆ ಮುಗಿದ. ಸಿಟ್ಟಿನಲ್ಲಿ ಕಾವಲುಗಾರರನ್ನು ನುಗ್ಗಿಸಿದೆ. ಪುಸ್ತಕದ ಕಾವಲುಗಾರನಿಗೆ 11 ಹಿಟ್ ಪಾಯಿಂಟ್. ಐದನೇ ಲೆವೆಲ್‌ನ ಪಾರ್ಟಿಗೆ, ಅಂದರೆ ಆಟಗಾರರ ತಂಡಕ್ಕೆ, ಅದು ಚಟ್ನಿ. ಇನ್ನೂ ಬಲವಾದವರನ್ನು ತಂದೆ. ಆಟಗಾರರಿಗೆ ಅದು ಶಿಕ್ಷೆ ಅಂತ ಅನಿಸಲೇ ಇಲ್ಲ, ಮುಂದಿನ ಯುದ್ಧ ಅಂತ ಅನಿಸಿತು. ಮೂರು ಭಾನುವಾರ ಅದರಲ್ಲೇ ಹೋಯಿತು.

ತಪ್ಪು ಎಲ್ಲಿ ಅಂತ ಹೊಳೆದದ್ದು ಒಂದು ಯಕ್ಷಗಾನ ತಾಳಮದ್ದಳೆಯಲ್ಲಿ ಕೂತಿದ್ದಾಗ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಯುದ್ಧ ಮಾಡುವುದು. ಸಾಯುವವನಿಗೂ ಅವನ ಪಾಲಿನ ಅರ್ಥ, ಅಂದರೆ ಮಾತು, ಉಂಟು. ನನ್ನ ಅಂಬಿಗನಿಗೆ ಅರ್ಥವೇ ಇರಲಿಲ್ಲ. ಅವ ಬರೀ ಮುಚ್ಚಿದ ಬಾಗಿಲು. ಒದೆಯದೆ ಇನ್ನೆಂತ ಮಾಡುತ್ತಾರೆ?

ಈಗ ಯಾರಾದರೂ "ಹೊಡೆಯುತ್ತೇನೆ" ಅಂದ ಕೂಡಲೇ ಇನಿಶಿಯೇಟಿವ್ (ಯುದ್ಧದಲ್ಲಿ ಯಾರ ಸರದಿ ಮೊದಲು ಅನ್ನುವ ದಾಳ) ಹಾಕಿಸುವುದಿಲ್ಲ. "ಅವನಿಂದ ನಿನಗೆ ಎಂತ ಬೇಕು?" ಕೇಳುತ್ತೇನೆ. ಹೆಚ್ಚಿನ ಸಲ ಎನ್‌ಪಿಸಿ ಸುಳ್ಳು ಹೇಳುತ್ತಿದ್ದಾನೆ ಅಂತ ಅವರಿಗೆ ಅನುಮಾನ. ಎದುರಿನವನ ಮನಸ್ಸು ಅಳೆಯುವ ಇನ್‌ಸೈಟ್ ದಾಳ ಹಾಕಿಸಿದರೆ ಆಯಿತು. ಇಲ್ಲವೇ ಬೇರೆಯವರು ಒಂದು ಗಂಟೆಯಿಂದ ಮಾತಾಡಿ ಇವನಿಗೆ ಬೋರಾಗಿದೆ. ಅದು ನಿಮ್ಮ ತಪ್ಪು, ದೃಶ್ಯ ಮುಗಿಸಿ.

ಆದರೂ ಹೊಡೆದರೆ ಹೊಡೆಯಲಿ. ಆದರೆ 4 ಹಿಟ್ ಪಾಯಿಂಟಿನವ ಯಾಕೆ ಕಾದಾಡುತ್ತಾನೆ? ಬೊಬ್ಬೆ ಹಾಕುತ್ತಾನೆ, ಹಣದ ಚೀಲ ಎಸೆದು ಕಾಲಿಗೆ ಬೀಳುತ್ತಾನೆ. ಇದೇ ಆಟದ 1981ರ ಬೇಸಿಕ್ ನಿಯಮಗಳಲ್ಲಿ ಮೊರೇಲ್ (ಎದೆಗಾರಿಕೆ) ಅಂತ ಇತ್ತು: ಆರು ಮುಖದ ಎರಡು ದಾಳಗಳ ಮೊತ್ತ ಅವನ ಮೊರೇಲ್ ಅಂಕೆ ಮೀರಿದರೆ ಕಾಲ್ಕಿತ್ತ ಅಂತಲೇ ಲೆಕ್ಕ. ನಾನು ಅದನ್ನು ಕದ್ದು ತಂದಿದ್ದೇನೆ. ಇನ್ನೊಂದು ನಿಯಮ ನಮ್ಮ ಪುಸ್ತಕದಲ್ಲೇ ಇದ್ದರೂ ಮರೆಯುವವರು ಜಾಸ್ತಿ. ಕತ್ತಿ, ದೊಣ್ಣೆಯಂಥ ಕೈಯೇಟಿಗೆ ಎದುರಾಳಿ ಸೊನ್ನೆಗೆ ಇಳಿದರೆ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು. ಬಾಣಕ್ಕೆ ಈ ರಿಯಾಯಿತಿ ಇಲ್ಲ. "ಕೊಲ್ಲುದಾ, ಬೀಳಿಸುದಾ?" ಅಂತ ಪ್ರತಿ ಸಲ ಕೇಳುತ್ತೇನೆ. ಎಲ್ಲರೆದುರು "ಕೊಲ್ಲುದು" ಅಂತ ಬಾಯಿಬಿಟ್ಟು ಹೇಳಲಿಕ್ಕೆ ಸ್ವಲ್ಪ ಕಷ್ಟ ಉಂಟು, ನೋಡಿ.

ಉಳಿದವರ ಆಟ ಕೆಡಿಸಲೆಂದೇ ಹೊಡೆಯುವವನಿದ್ದರೆ ಯಾವ ನಿಯಮವೂ ಸಾಲದು. ಚಹಾಕ್ಕೆ ಎದ್ದಾಗ ಬದಿಗೆ ಕರೆದು ನೇರ ಹೇಳಿ.

ಅಂಬಿಗನನ್ನು ನಾನು ಬದುಕಿಸಲಿಲ್ಲ. ಈಗ ಅವನ ತಂಗಿ ದೋಣಿ ನಡೆಸುತ್ತಾಳೆ, ಇವರಿಗೆ ಮಾತ್ರ ದುಪ್ಪಟ್ಟು ಬಾಡಿಗೆ. ಎಲ್ಲದಕ್ಕೂ ಚೌಕಾಸಿ ಮಾಡುವ ನಮ್ಮ ರೋಗ್ ಅಲ್ಲಿ ಮಾತ್ರ ತೆಪ್ಪಗೆ ಎಣಿಸಿ ಕೊಡುತ್ತಾನೆ.