ಮಗಳಿಗೆ ಲ್ಯಾಪ್‌ಟಾಪ್: ಐ7 ಅನ್ನೋ ಸ್ಟಿಕ್ಕರ್ ಬಿಡ್ರಿ, ಅದರ ಮುಂದಿನ ನಂಬರ್ ಓದ್ರಿ

ನೀವು ಕೇಳಿದ್ದು ಇಷ್ಟು. ಮಗಳಿಗೆ ಸಿಇಟಿಯಲ್ಲಿ ದಾವಣಗೆರೆಯಲ್ಲೇ ಕಂಪ್ಯೂಟರ್ ಸೈನ್ಸ್ ಸೀಟ್ ಸಿಕ್ಕೈತೆ, ಹರಿಹರದಿಂದ ದಿನಾ ಬಸ್ಸಲ್ಲಿ ಓಡಾಡ್ತಾಳೆ, ಬಜೆಟ್ 60 ಸಾವಿರ. ಅಂಗಡಿಯವ್ರು "ಐ7 ಕೊಡ್ತೀವಿ, 1 ಟಿಬಿ ಐತೆ, ನಾಲ್ಕು ವರ್ಷ ತಿರುಗಿ ನೋಡೋದೇ ಬೇಡ" ಅಂತಿದಾರೆ, ನಿಮ್ಮಣ್ಣನ ಮಗ ರೈಜನ್ ತಗೊಳ್ರಿ ಅಂತಿದಾನೆ, ಯಾರ ಮಾತು ಕೇಳೋದು ಅಂತ. ಐ7 ಅಂದ್ರೆ ಇಂಟೆಲ್ ಕಂಪನಿ ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳು), ರೈಜನ್ ಅಂದ್ರೆ ಎಎಂಡಿ ಕಂಪನಿದು.

ನಾನು ಕಂಪ್ಯೂಟರ್ ಓದಿದವನಲ್ಲ, ಮೊದ್ಲೇ ಹೇಳಿಬಿಡ್ತೀನಿ. ದಾವಣಗೆರೆ ಮಂಡಿಪೇಟೆ ಕಡೆ ನಂದೊಂದು ಸಣ್ಣ ಅಕೌಂಟ್ಸ್ ಆಫೀಸು, ಟ್ಯಾಲಿ, ಜಿಎಸ್‌ಟಿ ರಿಟರ್ನು, ಇಷ್ಟೇ ನಮ್ಮ ಪ್ರಪಂಚ. ಆದ್ರೆ ಆಫೀಸಿಗೆ, ಮನೆಗೆ, ತಂಗಿ ಮಕ್ಕಳಿಗೆ ಅಂತ ಇಲ್ಲಿ ತನಕ ಒಂಬತ್ತು ಲ್ಯಾಪ್‌ಟಾಪ್ ನಾನೇ ಮುಂದೆ ನಿಂತು ಕೊಡಿಸಿದೀನಿ, ಅದ್ರಲ್ಲಿ ಎರಡರಲ್ಲಿ ಕೈ ಸುಟ್ಕೊಂಡೆ. ಆ ಎರಡರ ಕಥೆ ಹೇಳಿದ್ರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗ್ತದೆ.

ಮೊದಲನೇದು 2020ರಲ್ಲಿ, ಲಾಕ್‌ಡೌನ್ ಟೈಮು, ಎಲ್ಲೂ ಸ್ಟಾಕ್ ಇಲ್ಲ, ಸಿಕ್ಕಿದ್ದೇ ಪುಣ್ಯ ಅಂತ ಐ5 ಹತ್ತನೇ ಜನರೇಶನ್ದು ತಗೊಂಡೆ, ಒಳಗೆ ಫೈಲ್ ಇಡೋಕೆ ಇದ್ದಿದ್ದು 1 ಟಿಬಿ ಹಾರ್ಡ್ ಡಿಸ್ಕ್, ತಟ್ಟೆ ತಿರುಗೋ ಹಳೇ ಥರದ್ದು, ಚಿಪ್‌ನಿಂದ ಬೇಗ ಓದೋ ಎಸ್‌ಎಸ್‌ಡಿ ಅಲ್ಲ. ಬೆಳಿಗ್ಗೆ ಆನ್ ಮಾಡಿ ಟೀ ಕುಡಿದು ಬಂದ್ರೂ ಇನ್ನೂ ಸುತ್ತುತಾನೇ ಇರೋದು. ಒಂದು ವರ್ಷ ಸಹಿಸ್ಕೊಂಡು ಆಮೇಲೆ ಮೂರು ಸಾವಿರದ ಚಿಲ್ಲರೆ ಕೊಟ್ಟು ಎಸ್‌ಎಸ್‌ಡಿ ಹಾಕಿಸಿದೆ ನೋಡ್ರಿ, ಹೊಸಾ ಮಷೀನ್ ಆಗೋಯ್ತು, ಇವತ್ತಿಗೂ ಆಫೀಸಲ್ಲಿ ಅದ್ರಲ್ಲೇ ಬಿಲ್ ಹಾಕ್ತಾರೆ. ಎರಡನೇದು 2022ರಲ್ಲಿ, ತಂಗಿ ಮಗಳು ಎಂಸಿಎ ಸೇರಿದಾಗ, ತೆಳ್ಳಗೆ ಚೆಂದ ಐತೆ ಅಂತ ಒಂದು ತಗೊಂಡ್ವಿ, ಪ್ರೋಗ್ರಾಂಗಳು ಓಡೋವಾಗ ಕೂರೋ ಜಾಗ ಅಂದ್ರೆ 8 ಜಿಬಿ ರ‍್ಯಾಮ್. "ಆಮೇಲೆ ಬೇಕಾದ್ರೆ ಇನ್ನೊಂದು 8 ಹಾಕಿಸ್ಕೊಳ್ರಿ ಸಾರ್" ಅಂದಿದ್ದ ಅಂಗಡಿಯವ್ನು. ಎರಡನೇ ಸೆಮಿಸ್ಟರ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ (ಫೋನ್ ಆ್ಯಪ್ ಮಾಡೋ ಸಾಫ್ಟ್‌ವೇರ್) ಹಾಕಿ ಎಮ್ಯುಲೇಟರ್ (ಕಂಪ್ಯೂಟರೊಳಗೇ ಓಡೋ ನಕಲಿ ಫೋನ್) ಓಪನ್ ಮಾಡಿದ್ರೆ ಮಷೀನ್ ನಿಂತೇ ಹೋಗೋದು. ರ‍್ಯಾಮ್ ಹಾಕ್ಸೋಣ ಅಂತ ಸರ್ವಿಸ್‌ನವ್ರ ಹತ್ರ ಒಯ್ದು ಹಿಂದಿನ ಮುಚ್ಚಳ ಬಿಚ್ಚಿಸಿದ್ರೆ ಸ್ಲಾಟೇ ಇಲ್ಲ, ರ‍್ಯಾಮ್ ಚಿಪ್‌ಗಳನ್ನ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದಾರೆ. ಅದು ಅಷ್ಟೇ, ಅದರ ಆಯಸ್ಸು ಪೂರ್ತಿ 8 ಜಿಬಿ. ಆ ಹುಡುಗಿ ಕೊನೆಗೆ ಫೋನನ್ನೇ ಕೇಬಲ್ ಹಾಕಿ ಟೆಸ್ಟಿಂಗ್ ಮಾಡಿ ಪ್ರಾಜೆಕ್ಟ್ ಮುಗಿಸಿದ್ಲು.

ಅವತ್ತಿಂದ ನಾನು ಲ್ಯಾಪ್‌ಟಾಪ್ ನೋಡೋದು ಒಂದೇ ಕಣ್ಣಿಂದ. ಆಮೇಲೆ ಬದಲಾಯಿಸೋಕೆ ಬರದೇ ಇರೋದು ಏನೇನು, ಅದಕ್ಕೆ ಇವತ್ತು ದುಡ್ಡು ಹಾಕು. ಬದಲಾಯಿಸೋಕೆ ಬರೋದಕ್ಕೆ ಇವತ್ತೇ ಅಷ್ಟು ತಲೆ ಕೆಡಿಸ್ಕೋಬೇಡ. ಪ್ರೊಸೆಸರ್ ಬದಲಾಯಿಸೋಕೆ ಬರಲ್ಲ, ಬೆಸುಗೆ ಹಾಕಿದ ರ‍್ಯಾಮ್ ಬರಲ್ಲ, ಸ್ಕ್ರೀನ್ ಬದಲಾಯಿಸಬಹುದು ಆದ್ರೆ ಆ ಖರ್ಚಿಗೆ ಯಾರೂ ಕೈ ಹಾಕಲ್ಲ. ಎಸ್‌ಎಸ್‌ಡಿ ಮಾತ್ರ ಹೆಚ್ಚು ಕಮ್ಮಿ ಎಲ್ಲಾ ವಿಂಡೋಸ್ ಲ್ಯಾಪ್‌ಟಾಪಲ್ಲೂ ಹಿಂದಿನ ಮುಚ್ಚಳ ಬಿಚ್ಚಿ ಬದಲಾಯಿಸೋ ಸಾಮಾನು. ಈಗ ನಿಮ್ಮ ಅಂಗಡಿಯವ್ರು ಏನು ತೋರಿಸಿ ಮಾರ್ತಿದಾರೆ ನೋಡ್ರಿ, 1 ಟಿಬಿ! ಅಂದ್ರೆ ಆಮೇಲೆ ಹಾಕಿಸ್ಕೋಬಹುದಾದ ಸಾಮಾನನ್ನ ದೊಡ್ಡದು ಮಾಡಿ, ಮುಖ್ಯವಾದದ್ದನ್ನ ಬಾಯಿ ಬಿಟ್ಟು ಹೇಳ್ತಿಲ್ಲ. ರ‍್ಯಾಮ್ ಎಷ್ಟು ಅಂತ ನಿಮ್ಮ ಪ್ರಶ್ನೆಯಲ್ಲೂ ಬರ್ದಿಲ್ಲ ನೀವು.

ಇನ್ನು ಐ7 ವಿಷಯಕ್ಕೆ ಬರ್ತೀನಿ, ಇದು ಸ್ವಲ್ಪ ಉದ್ದ ಐತೆ, ಟೀ ಇಟ್ಕೊಂಡು ಓದ್ರಿ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ತಗೊಳ್ಳೋರು ಚೀಲದ ಮೇಲಿನ ಹೆಸರು ಓದಿ ರೇಟ್ ಹೇಳ್ತಾರೇನ್ರಿ? ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ತೇವ ಎಷ್ಟೈತೆ, ಕಾಳು ಹೆಂಗೈತೆ ನೋಡಿ ಆಮೇಲೆ ಮಾತು. ಐ7 ಅನ್ನೋದು ಚೀಲದ ಮೇಲಿನ ಹೆಸರು. ಕಾಳು ಇರೋದು ಅದರ ಮುಂದಿನ ನಂಬರಲ್ಲಿ. ಐ7-1355ಯು ಅಂತ ಒಂದು ಐತೆ, ಐ5-1335ಯು ಅಂತ ಇನ್ನೊಂದು. ಎರಡೂ 13ನೇ ಜನರೇಶನ್, ಎರಡರಲ್ಲೂ 10 ಕೋರು (ಪ್ರೊಸೆಸರ್ ಒಳಗೆ ಕೆಲಸ ಮಾಡೋ ಘಟಕಗಳು), ಆ ಹತ್ತರಲ್ಲಿ ದೊಡ್ಡ ಕೋರು ಎರಡೇ, ಮಿಕ್ಕ ಎಂಟು ಸಣ್ಣವು. ಅಂದ್ರೆ ಎರಡು ಉಳೋ ಎತ್ತು, ಎಂಟು ಹೋರಿಕರು. ಐ7ದು ಸ್ವಲ್ಪ ಸ್ಪೀಡು ಜಾಸ್ತಿ ಓಡ್ತದೆ ಅಷ್ಟೇ, 4.6 ಗಿಗಾಹರ್ಟ್ಸ್ ಬದಲು 5.0, ಅದಕ್ಕೆ ಹೆಸರಿನ ರೇಟ್ ಬೇರೆ. ಅದೇ ಐ5-13420ಎಚ್ ತಗೊಳ್ರಿ, ಒಟ್ಟು 8 ಕೋರೇ, ಎಣಿಕೆಯಲ್ಲಿ ಕಮ್ಮಿ, ಆದ್ರೆ ನಾಲ್ಕು ಎತ್ತು. ಕೋಡ್ ಕಂಪೈಲ್ ಮಾಡೋದು, ವರ್ಚುವಲ್ ಮಷೀನ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್) ಓಡಿಸೋದು ಇಂಥ ಹೊತ್ತು ಹಿಡಿಯೋ ಕೆಲಸದಲ್ಲಿ ಈ ಐ5 ಆ ಐ7ನ ಹಿಂದೆ ಹಾಕ್ತದೆ. ಇದನ್ನ ಅಂಗಡಿಯಲ್ಲಿ ಹೇಳಿದ್ರೆ ನಗ್ತಾರೆ, ನಗ್ಲಿ ಬಿಡ್ರಿ.

ಕೊನೇ ಅಕ್ಷರ ನೋಡಿದ್ರಲ್ಲ, ಯು ಅಂದ್ರೆ ಕರೆಂಟ್ ಉಳಿಸೋದು, 15 ವ್ಯಾಟ್‌ದು, ಎಚ್ ಅಂದ್ರೆ 45 ವ್ಯಾಟ್‌ದು, ಗಟ್ಟಿ ಕೆಲಸದ್ದು. ಹಂಗಂತ ಎಚ್ ತಗೊಂಡುಬಿಡ್ರಿ ಅಂತ ನಾನು ಕಣ್ಣು ಮುಚ್ಕೊಂಡು ಹೇಳಲ್ಲ, ಯಾಕಂದ್ರೆ ಎಚ್ ಹಾಕಿದ ಮಷೀನ್ ಬಿಸಿ ಆಗ್ತದೆ, ಫ್ಯಾನ್ ಸದ್ದು ಮಾಡ್ತದೆ, ಬ್ಯಾಟರಿ ಬೇಗ ಇಳೀತದೆ, ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಹಾಸಿಗೆ ಮೇಲೆ ಇಟ್ಕೊಂಡು ಕೂತ್ರೆ ಕೆಳಗಿನ ಗಾಳಿಕಿಂಡಿ ಮುಚ್ಚಿ ಇಸ್ತ್ರಿ ಪೆಟ್ಟಿಗೆ ಆಗ್ತದೆ. ನಿಮ್ಮ ಮಗಳು ದಿನಾ ಹರಿಹರ ಬಸ್ಸಲ್ಲಿ ನಿಂತ್ಕೊಂಡು ಬರೋಳು, ಬೆನ್ನಿಗೆ ಎರಡೂವರೆ ಕೆಜಿ ಗೇಮಿಂಗ್ ಮಷೀನು, ಅದರ ಇಟ್ಟಿಗೆಯಂಥ ಚಾರ್ಜರು ಹೊರಿಸಿ ಕಳಿಸಿದ್ರೆ ಎರಡನೇ ವಾರಕ್ಕೆ ಮನೇಲೇ ಬಿಟ್ಟು ಹೋಗ್ತಾಳೆ. ಒಂದೂವರೆ ಕೆಜಿ ಆಸುಪಾಸು ಇರೋದು ನೋಡ್ರಿ, ಟೈಪ್-ಸಿ ಪಿನ್ನಲ್ಲಿ ಚಾರ್ಜ್ ಆಗೋದಾದ್ರೆ ಇನ್ನೂ ಒಳ್ಳೇದು.

ರೈಜನ್ ಅಂದ್ರೆ ನಿಮ್ಮಣ್ಣನ ಮಗ ತಪ್ಪು ಹೇಳಿಲ್ಲ, ಅಲ್ಲೂ ಒಂದು ಗುಂಡಿ ಐತೆ ಅಷ್ಟೇ. 2023ರಿಂದ ಎಎಂಡಿಯವ್ರು 7000 ಸೀರೀಸ್‌ಗೆ ಇಟ್ಟ ನಂಬರಲ್ಲಿ ಮೊದಲ ಅಂಕಿ ನೋಡಿ ಹೊಸದು ಅನ್ಕೋಬಾರ್ದು, ಮೂರನೇ ಅಂಕಿ ನೋಡ್ಬೇಕು. ರೈಜನ್ 5 7520ಯು, ರೈಜನ್ 5 7530ಯು, ನೋಡೋಕೆ ಅಣ್ಣತಮ್ಮ ಇದ್ದಂಗೆ ಅದಾವೆ. ಆದ್ರೆ 7520ಯು ಒಳಗಿರೋದು 2019ರ ಕಾಲದ ಡಿಸೈನು, ಅದೂ ನಾಲ್ಕೇ ಕೋರು, ಮೇಲಿಂದ ಅದರ ಜೊತೆ ಬರೋ ರ‍್ಯಾಮು ಬೆಸುಗೆದೇ. 7530ಯು ಆರು ಕೋರು, ಡಿಸೈನೂ ಒಂದು ತಲೆಮಾರು ಮುಂದಿಂದು. ಒಂದೇ ಒಂದು ಅಂಕಿ ವ್ಯತ್ಯಾಸಕ್ಕೆ ಇಷ್ಟು. ಹಂಗೇ ಇಂಟೆಲ್‌ನವ್ರೂ 2023ರ ಡಿಸೆಂಬರ್‌ನಿಂದ "ಐ" ಅಕ್ಷರ ಬಿಟ್ಟು ಕೋರ್ 5, ಕೋರ್ 7, ಕೋರ್ ಅಲ್ಟ್ರಾ ಅಂತ ಶುರು ಮಾಡಿದಾರೆ. ಹೆಸರು ಹೊಸದಾದ್ರೆ ಒಳಗಿಂದೆಲ್ಲ ಹೊಸದು ಅಂತಲ್ಲ, ಕೋರ್ 7 150ಯು ಬಿಚ್ಚಿ ನೋಡಿದ್ರೆ ಅದೇ ಎರಡು ಎತ್ತು ಎಂಟು ಹೋರಿಕರು.

ರ‍್ಯಾಮ್ 16 ಜಿಬಿ. ಇದರಲ್ಲಿ ಚೌಕಾಸಿ ಬೇಡ. ವಿಂಡೋಸ್ 11 ಸುಮ್ನೆ ಕೂತ್ರೇನೆ ಮೂರು ನಾಲ್ಕು ಜಿಬಿ ನುಂಗ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡ್ (ಚಿತ್ರ ಮೂಡಿಸೋಕೆ ಅಂತಲೇ ಇರೋ ಚಿಪ್) ಇಲ್ಲದ ಮಷೀನಲ್ಲಿ ಸ್ಕ್ರೀನಿಗೂ ಅದ್ರಿಂದಲೇ ಪಾಲು ಹೋಗ್ತದೆ, ಕ್ರೋಮ್‌ನಲ್ಲಿ ಹತ್ತು ಟ್ಯಾಬು, ಒಂದು ಎಮ್ಯುಲೇಟರು, ಮುಗೀತು 8 ಜಿಬಿ ಕಥೆ. ಮೊದಲೆಲ್ಲ ನಾನೇ ಹೇಳ್ತಿದ್ದೆ, ಸ್ಲಾಟ್ ಇರೋದು ನೋಡಿ 8 ತಗೊಳ್ರಿ, ಒಂದು ವರ್ಷ ಆದ್ಮೇಲೆ ಇನ್ನೊಂದು 8 ಹಾಕಿಸ್ರಿ, ದುಡ್ಡು ಉಳೀತದೆ ಅಂತ. ಆದ್ರೆ 2025ರ ಕೊನೆಯಿಂದ ರ‍್ಯಾಮ್ ರೇಟ್ ಮೇಲಕ್ಕೆ ಹೋಗೈತೆ, ಎಐ ಡೇಟಾ ಸೆಂಟರ್‌ನವ್ರು ಬಾಚ್ಕೊಂಡು ಹೋಗ್ತಿದಾರೆ, ಹಂಗಾಗಿ ಆ ಲೆಕ್ಕಾಚಾರ ಈಗ ನಂಬೋ ಹಂಗಿಲ್ಲ, ಬಿಡಿ ರ‍್ಯಾಮ್ ರೇಟ್ ಕೇಳಿ ಎರಡನ್ನೂ ಕೂಡಿ ಆಮೇಲೆ ತೀರ್ಮಾನ ಮಾಡ್ರಿ. ಅಂಗಡಿಯಲ್ಲಿ ಡೆಮೋ ಪೀಸ್ ಇದ್ರೆ ಟಾಸ್ಕ್ ಮ್ಯಾನೇಜರ್ ಓಪನ್ ಮಾಡಿ, ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ರಿ. ಫಾರ್ಮ್ ಫ್ಯಾಕ್ಟರ್ ಅನ್ನೋ ಕಡೆ "ಸೋಡಿಮ್" ಅಂತಿದ್ರೆ ಸ್ಲಾಟಲ್ಲಿ ಕೂರಿಸಿದ್ದು, "ರೋ ಆಫ್ ಚಿಪ್ಸ್" ಅಂತಿದ್ರೆ ಬೆಸುಗೆದು. ನಾನು 2022ರಲ್ಲಿ ಈ ಎರಡು ಕ್ಲಿಕ್ ಮಾಡಿದ್ರೆ ತಂಗಿ ಹತ್ರ ಬೈಸ್ಕೊಳ್ಳೋದು ತಪ್ಪುತಿತ್ತು.

ಎಸ್‌ಎಸ್‌ಡಿ 512 ಸಾಕು. ಆನ್ ಮಾಡಿದ್ಮೇಲೆ 476 ಅಂತ ತೋರಿಸ್ತದೆ, ಮೋಸ ಹೋದ್ವಿ ಅನ್ಕೋಬೇಡ್ರಿ, ಕಂಪನಿ ಎಣಿಸೋದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸೋದು 1024ರ ಲೆಕ್ಕದಲ್ಲಿ.

ಗ್ರಾಫಿಕ್ಸ್ ಕಾರ್ಡ್ ನಿಮ್ಮ ಮಗಳಿಗೆ ಬೇಕಿಲ್ಲ. ಸಿವಿಲ್ಲು, ಮೆಕ್ಯಾನಿಕಲ್ಲು, ಆರ್ಕಿಟೆಕ್ಚರ್ ಆಗಿದ್ರೆ ಬೇರೆ ಮಾತು ಹೇಳ್ತಿದ್ದೆ, 3ಡಿ ಡ್ರಾಯಿಂಗ್ ಸಾಫ್ಟ್‌ವೇರ್ ಅವಕ್ಕೆ ಬೇಡ್ತವೆ. ಮಷೀನ್ ಲರ್ನಿಂಗ್ ಸಬ್ಜೆಕ್ಟ್ ಬಂದಾಗ ಹುಡುಗ್ರೆಲ್ಲ ಗೂಗಲ್ ಕೊಲ್ಯಾಬ್‌ನಲ್ಲೇ (ಇಂಟರ್ನೆಟ್ ಮೂಲಕ ಗೂಗಲ್ ಕಂಪ್ಯೂಟರಲ್ಲಿ ಕೋಡ್ ಓಡಿಸೋ ಸೈಟು) ಫ್ರೀಯಾಗಿ ಮಾಡ್ಕೊತಾರೆ. ಆ ದುಡ್ಡನ್ನ ಸ್ಕ್ರೀನಿಗೆ ಹಾಕ್ರಿ. ಸ್ಕ್ರೀನ್ ಬಗ್ಗೆ ಯಾರೂ ಕೇಳಲ್ಲ, ಆದ್ರೆ ನಾಲ್ಕು ವರ್ಷ ಆ ಹುಡುಗಿ ದಿನಾ ನೋಡೋದು ಅದನ್ನೇ. ಫುಲ್ ಎಚ್‌ಡಿ, ಐಪಿಎಸ್ (ಪಕ್ಕದಿಂದ ನೋಡಿದ್ರೂ ಬಣ್ಣ ಕೆಡದ ಸ್ಕ್ರೀನು), ಬೆಳಕು ಕನಿಷ್ಠ 300 ನಿಟ್ಸ್. ಸ್ಪೆಸಿಫಿಕೇಶನ್‌ನಲ್ಲಿ "250 ನಿಟ್ಸ್, 45 ಪರ್ಸೆಂಟ್ ಎನ್‌ಟಿಎಸ್‌ಸಿ" ಅಂತ ಬರೆದಿದ್ರೆ ಬೆಳಕೂ ಕಮ್ಮಿ, ತೋರಿಸೋ ಬಣ್ಣಗಳೂ ಕಮ್ಮಿ, ಬಣ್ಣ ಎಲ್ಲಾ ನೀರಲ್ಲಿ ಕಲಸಿದಂಗೆ ಕಾಣ್ತವೆ, ಕಿಟಕಿ ಪಕ್ಕ ಕೂತ್ರೆ ನಮ್ಮ ಮುಖ ನಮಗೇ ಕಾಣ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಚೆಂದಾನೇ, ಒಂದ್ಸಲ ಬಾಗ್ಲ ಹತ್ರ ಬೆಳಕಿಗೆ ತಂದು ನೋಡ್ರಿ, ಕೊಡಲ್ಲ ಅನ್ನಲ್ಲ ಯಾರೂ.

ಬ್ಯಾಟರಿ "10 ಗಂಟೆ ಬರ್ತದೆ" ಅನ್ನೋ ಮಾತು ಕೇಳ್ಬೇಡ್ರಿ, ವ್ಯಾಟ್-ಅವರ್ (ಬ್ಯಾಟರಿ ಹಿಡಿಯೋ ಕರೆಂಟಿನ ಅಳತೆ) ಎಷ್ಟು ಅಂತ ಕೇಳ್ರಿ, 50ರ ಮೇಲಿದ್ರೆ ಒಳ್ಳೇದು. ಸೆಕೆಂಡ್ ಹ್ಯಾಂಡ್ ತಗೊಳ್ಳೋ ಯೋಚನೆ ಬಂದ್ರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ಗಿಂತ ಹಳೇದು ಮುಟ್ಟಬೇಡ್ರಿ, ವಿಂಡೋಸ್ 11ಗೆ ಅವು ಹೆಚ್ಚು ಕಮ್ಮಿ ಯಾವುವೂ ಲಿಸ್ಟಲ್ಲಿಲ್ಲ, ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದುಹೋಯ್ತು.

ಬಿಲ್ ವಿಷಯ ಮಾತ್ರ ನನ್ನ ಏರಿಯಾ, ಹೇಳ್ಲೇಬೇಕು. ಲ್ಯಾಪ್‌ಟಾಪಿಗೆ 18 ಪರ್ಸೆಂಟ್ ಜಿಎಸ್‌ಟಿ, ನಿಮ್ಮ 60 ಸಾವಿರದಲ್ಲಿ ಹತ್ರಹತ್ರ 9,153 ರೂಪಾಯಿ ಟ್ಯಾಕ್ಸೇ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ" ಅಂದ್ರೆ ಒಪ್ಪಬೇಡ್ರಿ, ನಾಳೆ ವಾರಂಟಿಗೆ ಹೋದ್ರೆ ಖರೀದಿ ತಾರೀಖಿಗೆ ಬಿಲ್ ಕೇಳ್ತಾರೆ, ಬಿಲ್ಲಲ್ಲಿ ಸೀರಿಯಲ್ ನಂಬರ್ ಇರ್ಬೇಕು, ಅದು ಮಷೀನಿನ ಹಿಂದಿರೋದಕ್ಕೆ ತಾಳೆ ಆಗ್ಬೇಕು. ನಿಮ್ಮದು ಕಿರಾಣಿ ಅಂಗಡಿ ಅಂತ ಬರ್ದಿದೀರಿ, ಅದಕ್ಕೇ ಇದನ್ನೂ ಹೇಳ್ತೀನಿ, ಅಂಗಡಿ ಜಿಎಸ್‌ಟಿ ನಂಬರಿಗೆ ಬಿಲ್ ಮಾಡಿಸಿ ಇನ್‌ಪುಟ್ (ಕೊಟ್ಟ ಟ್ಯಾಕ್ಸನ್ನ ಅಂಗಡಿ ಟ್ಯಾಕ್ಸಲ್ಲಿ ಕಳೆಯೋದು) ತಗೊಳ್ರಿ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಮಗಳು ಓದೋಕೆ ತಗೊಂಡಿದ್ದಕ್ಕೆ ಅದು ನಡಿಯಲ್ಲ, ಸ್ವಂತ ಬಳಕೆ ಸಾಮಾನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ನನ್ನ ಪಾರ್ಟಿಗಳಿಗೆ ಹೇಳಿ ಹೇಳಿ ಸಾಕಾಗೈತೆ ಇದನ್ನ.

ಹಂಗಾಗಿ ನಾನು ನಿಮ್ಮ ಜಾಗದಲ್ಲಿದ್ರೆ ಐ7 ಕೈಬಿಟ್ಟು, ರೈಜನ್ 5 7530ಯು ಅಥವಾ ಐ5 1335ಯು, ಸಿಕ್ಕಿದ್ರೆ ಅದಕ್ಕಿಂತ ಹೊಸದು, 16 ಜಿಬಿ, 512, ಒಳ್ಳೇ ಸ್ಕ್ರೀನು, ತೂಕ ಕಮ್ಮಿ ಇರೋದು ಹುಡುಕ್ತಿದ್ದೆ. ಉಳಿದ ದುಡ್ಡಲ್ಲಿ ಬಿದ್ದು ಒಡೆದ್ರೂ ರಿಪೇರಿ ಸಿಗೋ ಎಕ್ಸ್‌ಟ್ರಾ ವಾರಂಟಿ ಮಾಡಿಸ್ತಿದ್ದೆ, ಬಸ್ಸಲ್ಲಿ ಓಡಾಡೋ ಮಷೀನ್ ಅಲ್ವಾ. ದುಡ್ಡು ಕೊಡೋ ಮೊದ್ಲು ಆ ಬ್ರಾಂಡ್‌ದು ಸರ್ವಿಸ್ ಸೆಂಟರ್ ದಾವಣಗೆರೆಯಲ್ಲೇ ಐತಾ ಅಂತ ವಿಚಾರಿಸ್ರಿ, ಒಂದು ಹಿಂಜ್ ಸರಿಮಾಡ್ಸೋಕೆ ಬೆಂಗಳೂರಿಗೆ ಕಳಿಸಿ ಕಾಯೋದು ಯಾರಿಗೆ ಬೇಕು.

ಅಂಗಡಿಯವ್ರು ಕೊಟ್ಟ ಐ7ದು ಬಾಕ್ಸ್ ಮೇಲೆ ಪೂರ್ತಿ ಮಾಡೆಲ್ ನಂಬರ್ ಇರ್ತದೆ, ಫೋಟೋ ಹೊಡ್ಕೊಂಡು ಬಂದು ಇಲ್ಲೇ ಕೆಳಗೆ ಹಾಕ್ರಿ, ನೋಡಿ ಹೇಳ್ತೀನಿ. 20ನೇ ತಾರೀಖು ಜಿಎಸ್‌ಟಿ ತಿಂಗಳ ರಿಟರ್ನು 3ಬಿ ಫೈಲ್ ಮಾಡೋಕೆ ಕೊನೇ ದಿನ, ಅಲ್ಲಿ ತನಕ ತಲೆ ಎತ್ತೋಕೆ ಪುರುಸೊತ್ತಿರಲ್ಲ, 21ಕ್ಕೆ ಖಂಡಿತ ಉತ್ತರ ಕೊಡ್ತೀನಿ.