ಧ್ರುವಪ್ರಭೆಯ ಲೇಖನ ಕಳಿಸಿದವರಿಗೆ

ನಮಸ್ಕಾರ.

ಧ್ರುವಪ್ರಭೆಯ ಬಗ್ಗೆ, ಅಂದರೆ ಧ್ರುವಗಳ ಸುತ್ತಲಿನ ರಾತ್ರಿಯ ಆಕಾಶದಲ್ಲಿ ಆಡುವ ಬಣ್ಣದ ಬೆಳಕಿನ (ಅರೋರಾ) ಬಗ್ಗೆ, ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. 1859ರ ಸೌರ ಬಿರುಗಾಳಿಯ ಹೊತ್ತಿನಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್‌ನ ಟೆಲಿಗ್ರಾಫ್ ನೌಕರರು ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿದ ವಿದ್ಯುತ್ತಿನಲ್ಲೇ ಸಂದೇಶ ಕಳಿಸಿಕೊಂಡ ಪ್ರಸಂಗ ಚೆನ್ನಾಗಿ ಬಂದಿದೆ. ಆದರೆ ಎರಡು ಸಾಲು ಓದಿ ನನಗೆ ಸಿಟ್ಟು ಬಂತು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: "ಸೂರ್ಯನಿಂದ ಹಾರಿಬಂದ ಕಣಗಳು ಧ್ರುವದ ಗಾಳಿಗೆ ನೇರವಾಗಿ ಬಡಿದು ಆಕಾಶ ಹೊತ್ತಿಕೊಳ್ಳುತ್ತದೆ."

ನೇರವಾಗಿ ಅಲ್ಲ. ಆ ಕಣಗಳಲ್ಲಿ ಹೆಚ್ಚಿನವನ್ನು ಭೂಮಿಯ ಕಾಂತಕ್ಷೇತ್ರ ಪಕ್ಕಕ್ಕೆ ತಳ್ಳಿಬಿಡುತ್ತದೆ. ಸೂರ್ಯನಿಂದ ಸದಾ ಹರಿದುಬರುವ ಈ ಕಣಗಳ ಹೊಳೆಗೆ ಸೌರಮಾರುತ ಎಂದು ಹೆಸರು. ಅದರ ಒತ್ತಡಕ್ಕೆ ಆ ಕ್ಷೇತ್ರ ರಾತ್ರಿಯ ಕಡೆಗೆ ಬಾಲದಂತೆ ಚಾಚಿಕೊಂಡು ಚಂದ್ರನ ಕಕ್ಷೆಯನ್ನೂ ದಾಟುತ್ತದೆ. ಬಾಲದಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ. ಕಾಂತರೇಖೆಗಳು ಕಡಿದು ಮತ್ತೆ ಬೆಸೆದಾಗ ಅದು ಬಿಡುಗಡೆಯಾಗುತ್ತದೆ. ಆಗ ಎಲೆಕ್ಟ್ರಾನುಗಳು ವೇಗ ಪಡೆದು ಆ ರೇಖೆಗಳ ಗುಂಟ ಭೂಮಿಯ ಕಡೆಗೆ ಇಳಿದು ಗಾಳಿಗೆ ಬಡಿಯುತ್ತವೆ. ಅದಕ್ಕೇ ಬೆಳಕು ಸರಿಯಾಗಿ ಧ್ರುವದ ಮೇಲೆ ಇರುವುದಿಲ್ಲ, ಕಾಂತಧ್ರುವವನ್ನು ಸುತ್ತಿದ ಉಂಗುರದಲ್ಲಿ ಇರುತ್ತದೆ. ನೀವು ಹೆಸರಿಸಿದ ನಾರ್ವೆಯ ಟ್ರೋಮ್ಸೋ, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರುಗಳಲ್ಲಿ ಅದು ಅಷ್ಟು ಸಲ ಕಾಣುವುದೂ ಅದಕ್ಕೇ. ಧ್ರುವಪ್ರಭೆ ಆಡುವಾಗ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು ಸ್ವೀಡನ್ನಿನ ಉಪ್ಸಾಲಾದಲ್ಲಿ ವಿಜ್ಞಾನಿಗಳಾದ ಸೆಲ್ಸಿಯಸ್ ಮತ್ತು ಹಿಯೋರ್ಟರ್ 1741ರಲ್ಲೇ ಗಮನಿಸಿದ್ದರು. ಅದನ್ನು ನೀವು ಕೊನೆಯ ಪ್ಯಾರಾದಲ್ಲಿ ಸುಮ್ನೆ ತುರುಕಿದ್ದೀರಿ. ಅದರ ಜಾಗ ಇಲ್ಲಿ, ಅಲ್ವಾ?

ಇನ್ನು ಎರಡನೆಯದು: "ಪ್ರಕೃತಿ ಮನಬಂದಂತೆ ಹಸಿರು, ಕೆಂಪು, ನೇರಳೆ ಬಣ್ಣ ಎರಚುತ್ತದೆ."

ಮನಬಂದಂತೆ ಅಲ್ಲವೇ ಅಲ್ಲ! ಎತ್ತರ ಹೇಳಿದರೆ ಬಣ್ಣ ಹೇಳಬಹುದು. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹಸಿರು ಚೆಲ್ಲುತ್ತದೆ. 200 ಕಿ.ಮೀ.ಗಿಂತ ಮೇಲೆ ಅದೇ ಆಮ್ಲಜನಕ ಕೆಂಪು. ಶಕ್ತಿ ಪಡೆದ ಪರಮಾಣು ಹಸಿರು ಬೆಳಕು ಬಿಡಲು ಒಂದು ಸೆಕೆಂಡೂ ಬೇಡ. ಕೆಂಪಿಗೆ ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಕೆಳಗೆ ಗಾಳಿ ದಟ್ಟ. ಅಷ್ಟು ಹೊತ್ತು ಕಾಯುವಷ್ಟರಲ್ಲಿ ಪರಮಾಣು ಇನ್ನೊಂದಕ್ಕೆ ಡಿಕ್ಕಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ಗಾಳಿ ತೀರಾ ತೆಳು, ಅಲ್ಲಿ ಅದಕ್ಕೆ ಬಿಡುವಿದೆ. ಪರದೆಯಂತೆ ತೂಗುವ ಆ ಬೆಳಕಿನ ಕೆಳ ಅಂಚಿನ ಗುಲಾಬಿ, ನೇರಳೆ ಸಾರಜನಕದ್ದು.

2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಕಂಡಿತು ಎಂದು ನೀವೇ ಬರೆದು "ಎಂಥ ವಿಸ್ಮಯ" ಎಂದು ಮುಗಿಸಿದ್ದೀರಿ. ಕೆಂಪೇ ಯಾಕೆ? ಬೆಳಕಿದ್ದದ್ದು ದೂರದ ಉತ್ತರದಲ್ಲಿ. ಅದರ ಹಸಿರು ಭಾಗ ದಿಗಂತದ ಕೆಳಗೆ ಉಳಿಯಿತು. ಎತ್ತರದ ಕೆಂಪು ಮಾತ್ರ ಇಣುಕಿತು. ನನಗೆ ವಿಸ್ಮಯ ಅನಿಸುವುದು ಇದು.

ನಾನು ಕೆಲಸ ಕಲಿಯುತ್ತಿದ್ದಾಗ ಪತ್ರಿಕೆಯ ಹಿರಿಯರೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ವಿಜ್ಞಾನದ ಬರಹಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಡುವೆ ಕೈಯೆತ್ತಿ "ಯಾಕೆ?" ಅನ್ನುತ್ತಿದ್ದರು. ಉತ್ತರ ಮುಂದಿನ ಸಾಲಿನಲ್ಲಿದ್ದರೆ ಸರಿ, ಇಲ್ಲದಿದ್ದರೆ ಹಾಳೆ ವಾಪಸ್. ಗುಡುಗಿನ ಬಗ್ಗೆ ಬರೆದ ಒಂದು ಪುಟಕ್ಕೆ ಇಡೀ ಸಂಜೆ ಹೋಯಿತು. ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಗುಡುಗು ಮಾತ್ರ ಅಷ್ಟು ಹೊತ್ತು ಯಾಕೆ ಉರುಳುತ್ತದೆ ಎಂದು ಕೇಳಿದರು. ಮಿಂಚಿನ ದಾರಿ ಕಿಲೋಮೀಟರುಗಟ್ಟಲೆ ಉದ್ದ, ದೂರದ ತುದಿಯ ಸದ್ದು ತಡವಾಗಿ ಮುಟ್ಟುತ್ತದೆ ಎಂದು ಸೇರಿಸಿದ ಮೇಲೇ ಪುಟ ಅಚ್ಚಿಗೆ ಹೋಯಿತು. ಆ "ಯಾಕೆ?" ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿಮ್ಮ ಲೇಖನ ಓದುವಾಗ ಜಾಸ್ತಿಯೇ ಕೇಳಿಸಿತು.

ಈ ಎರಡು ಪ್ಯಾರಾಗಳನ್ನು ಹೊಸದಾಗಿ ಬರೆದು ಕಳಿಸಿ. ಉದ್ದವಾದರೆ ಚಿಂತೆಯಿಲ್ಲ, ಜಾಗ ಮಾಡಿಕೊಡುತ್ತೇನೆ. ಹಾಗೆಯೇ "ದಕ್ಷಿಣದಲ್ಲೂ ಹೀಗೇ" ಎಂಬ ಒಂದೇ ಸಾಲು ಸಾಲದು. ದಕ್ಷಿಣದ ಉಂಗುರ ಬಹುಪಾಲು ಅಂಟಾರ್ಕ್ಟಿಕಾ ಮತ್ತು ಸಮುದ್ರದ ಮೇಲೇ ಇದೆ. ಟಾಸ್ಮೇನಿಯಾದವರೂ ನ್ಯೂಜಿಲೆಂಡಿನ ದಕ್ಷಿಣ ತುದಿಯವರೂ ಅದರ ಅಂಚನ್ನಷ್ಟೇ ದೂರದಿಂದ ನೋಡುತ್ತಾರೆ. ಅಷ್ಟನ್ನಾದರೂ ಸೇರಿಸಿ.